ಅತ್ತೆಯ ಹೊಲಿಗೆ, ಸೊಸೆಯ ಕಾರು

ಜಗಳ ಶುರುವಾದದ್ದು ಬಟ್ಟೆ ಒಣಗಿಸುವ ಹಗ್ಗದಿಂದ. ಕಾರಿನಿಂದ ಎಂದು ಆ ಮನೆಯ ಉಳಿದ ಮೂವರೂ ಹೇಳುತ್ತಾರೆ, ನಂಬಬೇಡಿ. ಬಸ್ ಡಿಪೋದ ಲಾರಿಗೆ ಕಟ್ಟಿಸಿಕೊಂಡು, ಒಂದು ದೀಪ ಕಿತ್ತುಹೋದ, ಬಾಗಿಲಿಗೂ ಮೈಗೂ ಬಣ್ಣ ಹೊಂದದ ಆ ಗುಜರಿ ಕಾರು ಹಿತ್ತಲಿಗೆ ಬಂದು ನಿಂತ ದಿನ ಅಳತೆಯಮ್ಮ ಜಗಳವಾಡಲೇ ಇಲ್ಲ. ಕಿಟಕಿಯಿಂದ ಇಣುಕಿ, "ಬಂತಲ್ಲ ಮನೆಗೊಂದು ಲಕ್ಷಣ" ಎಂದು ಹೊಲಿಗೆ ಮುಂದುವರಿಸಿದ್ದಳು. ಆದರೆ ಮರುದಿನ ಬೆಳಿಗ್ಗೆ ಒಗೆದ ಬಟ್ಟೆಯ ಬಕೆಟ್ ಹೊತ್ತು ಹಿತ್ತಲಿಗೆ ಹೋದರೆ, ಈ ಗೋಡೆಯಿಂದ ಆ ಗೋಡೆಗೆ ಮೂವತ್ತೊಂದು ವರ್ಷದಿಂದ ಕಟ್ಟಿದ್ದ ಹಗ್ಗ ಇರಲಿಲ್ಲ. ಅದನ್ನು ಯಾರೋ ಸುರುಳಿ ಸುತ್ತಿ ಮೂಲೆಯ ಮೊಳೆಗೆ ನೇತುಹಾಕಿದ್ದರು.

"ನನ್ನ ಹಗ್ಗ ಯಾರು ಬಿಚ್ಚಿದ್ದು?"

ಕಾರಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಕಾಲುಗಳ ಕಡೆಯಿಂದ ಉತ್ತರ ಬಂತು. "ನಾನೇ ಅತ್ತೆ. ಕಾರು ಒಳಗೆ ತರೋಕೆ ಅಡ್ಡ ಆಗ್ತಿತ್ತು."

"ಬಟ್ಟೆ ಎಲ್ಲಿ ಒಣಗಿಸ್ಲಿ? ನಿನ್ನ ಕಾರಿನ ತಲೆ ಮೇಲಾ?"

"ಹಾಕಿ ಅತ್ತೆ. ಬಿಸಿಲಿಗೆ ತಗಡು ಚೆನ್ನಾಗಿ ಕಾಯುತ್ತೆ."

ಸೊಸೆ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಳು. ಅಳತೆಯಮ್ಮನಿಗೆ ಅದು ಕೊಬ್ಬಿನ ಮಾತಾಗಿ ಕೇಳಿಸಿತು. ಕೇಳಿಸಿಕೊಳ್ಳುವ ಕಿವಿ ಅತ್ತೆಯದಾದರೆ ಯಾವ ಮಾತೂ ನೆಟ್ಟಗೆ ಒಳಗೆ ಹೋಗುವುದಿಲ್ಲ.

ಅಳತೆಯಮ್ಮ ಅಂದರೆ ಆ ಬೀದಿಯ ಟೈಲರ್. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆಯೇ ಅವಳ ಕೊರಳಿಗೆ ಅಳತೆಪಟ್ಟಿ ಬೀಳುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾರಾದರೂ ಬಾಗಿಲಲ್ಲಿ ನಿಂತರೆ ಮುಖ ನೋಡುವ ಮೊದಲು ಭುಜ ನೋಡುವವಳು. ಅವಳ ಗಂಡ ಸಗಟು ಮಾರುಕಟ್ಟೆಯಲ್ಲಿ ಮೂಟೆ ತೂಗಿ ತೂಗಿ ನಿವೃತ್ತರಾದವರು. ಬರುವಾಗ ಸಂಬಳದ ಕೊನೆ ಕಂತಿನ ಜೊತೆ ತಮ್ಮ ಕೊಕ್ಕೆ ತಕ್ಕಡಿಯನ್ನೂ ಕೇಳಿ ತಂದುಕೊಂಡಿದ್ದರು. ಮಗನಿಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ತಾನಾಯಿತು ತನ್ನ ಮಾತ್ರೆಗಳಾಯಿತು ಎನ್ನುವ ಸ್ವಭಾವದವನು. ಎರಡು ವರ್ಷದ ಹಿಂದೆ ಅವನು ಕಟ್ಟಿಕೊಂಡು ಬಂದ ಹುಡುಗಿ ಬಸ್ ಡಿಪೋದ ಮೆಕ್ಯಾನಿಕ್. ಆ ಡಿಪೋಗೆ ಅವಳೊಬ್ಬಳೇ ಹೆಂಗಸು ಮೆಕ್ಯಾನಿಕ್.

ಡಿಪೋದ ಗಂಡಸರೇ ಈ ಹುಚ್ಚಿಗೆ ಕಿಚ್ಚು ಹಚ್ಚಿದ್ದು. ಊರಾಚೆಯ ಹಾಳುಬಿದ್ದ ವಿಮಾನ ನಿಲ್ದಾಣದ ರನ್‌ವೇಯಲ್ಲಿ ವರ್ಷಕ್ಕೊಂದು ಸಲ ಡ್ರ್ಯಾಗ್ ರೇಸ್ ನಡೆಯುತ್ತಿತ್ತು. ನಾನೂರು ಮೀಟರ್ ನೇರ ದಾರಿ, ಎರಡೆರಡು ಕಾರು, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ಅದರಲ್ಲಿ ದುಡ್ಡಿಲ್ಲದವರಿಗೆ ಅಂತ ಒಂದು ವಿಭಾಗ: ಮನೆಯಲ್ಲೇ, ಗುಜರಿ ಸಾಮಾನಿನಿಂದಲೇ ಕಟ್ಟಿದ ಕಾರುಗಳದ್ದು. "ಬಸ್ ರಿಪೇರಿ ಮಾಡೋ ಕೈ ಬಸ್ಸಿನಷ್ಟೇ ಓಡುತ್ತೆ" ಎಂದು ಒಬ್ಬ ನಕ್ಕಿದ್ದನಂತೆ. ಹದಿನಾರು ಸೆಕೆಂಡಿನ ಒಳಗೆ ಆ ದೂರ ಓಡಿಸಿ ತೋರಿಸುತ್ತೇನೆ ಅಂತ ಸೊಸೆ ಎಲ್ಲರೆದುರು ಮಾತು ಕೊಟ್ಟು ಬಂದಳು. ರೇಸಿಗೆ ಹನ್ನೊಂದು ವಾರ ಇತ್ತು.

"ಹದಿನಾರು ಸೆಕೆಂಡಿಗೋಸ್ಕರ ಹನ್ನೊಂದು ವಾರ ನಾನು ಒದ್ದೆ ಬಟ್ಟೆ ಉಡ್ಬೇಕಾ?" ಎಂದು ಊಟಕ್ಕೆ ಕೂತಾಗ ಅಳತೆಯಮ್ಮ ಕೇಳಿದಳು.

"ಅಮ್ಮ, ಮುಂದಿನ ವೆರಾಂಡದಲ್ಲಿ ಹಗ್ಗ ಕಟ್ತೀನಿ ಬಿಡು," ಅಂದ ಮಗ.

"ಗಿರಾಕಿಗಳು ಬರೋ ಜಾಗದಲ್ಲಿ ನಿಮ್ಮಪ್ಪನ ಚಡ್ಡಿ ಒಣಗಿಸ್ತೀಯಾ?"

ಯಜಮಾನರು ರೊಟ್ಟಿ ಮುರಿಯುತ್ತಾ ಕೆಮ್ಮಿದರು. ಸೊಸೆ ತಲೆ ತಗ್ಗಿಸಿ ನಕ್ಕಳು. ಆ ನಗುವನ್ನೂ ಅಳತೆಯಮ್ಮ ಲೆಕ್ಕಕ್ಕೆ ಹಿಡಿದಳು.

ಕಾರು ಬೆಳೆಯಿತು ಅನ್ನುವುದಕ್ಕಿಂತ ಕರಗಿತು ಅನ್ನಬೇಕು. ಹಿಂದಿನ ಸೀಟು ಹೋಯಿತು, ನೆಲದ ಮ್ಯಾಟು ಹೋಯಿತು, ರೇಡಿಯೋ ಹೋಯಿತು, ಬಾಗಿಲ ಗಾಜು ಹೋಗಿ ಪ್ಲಾಸ್ಟಿಕ್ ಹಾಳೆ ಬಂತು. ಕಾರು ಹಗುರವಾದಷ್ಟೂ ಓಟ ಜಾಸ್ತಿ ಅಂತ ಸೊಸೆ ಒಂದು ಸಂಜೆ ಮಾವನಿಗೆ ವಿವರಿಸಿದ್ದೇ ತಡ, ಐದು ವರ್ಷದಿಂದ ಪೇಪರು ಓದಿ ಓದಿ ಸೊರಗಿದ್ದ ಮುದುಕರಿಗೆ ಜೀವ ಬಂತು. ಬಿಚ್ಚಿದ ಪ್ರತಿ ಸಾಮಾನೂ ಅವರ ಕೊಕ್ಕೆಗೆ ನೇತುಬಿತ್ತು. ಹಿತ್ತಲ ಗೋಡೆ ಮೇಲೆ ಅಳತೆಯಮ್ಮನ ಹೊಲಿಗೆ ಸೀಮೆಸುಣ್ಣದಿಂದಲೇ ಬರೆದರು: ಸೀಟು ಹದಿನೆಂಟು ಕಿಲೋ, ಗಾಜು ಹನ್ನೊಂದು, ರೇಡಿಯೋ ಎರಡೂಕಾಲು. ಬಿಚ್ಚಲು ಏನೂ ಉಳಿಯದಾದಾಗ ಸೊಸೆಯನ್ನೇ ಕೊಕ್ಕೆ ಹಿಡಿದು ಜೋತುಬೀಳಲು ಹೇಳಿದರು.

"ಡ್ರೈವರ್ ಐವತ್ತೆಂಟು ಕಿಲೋ," ಎಂದು ಅಡುಗೆಮನೆಗೆ ಬಂದು ಘೋಷಿಸಿದರು. "ನೋಡೇ, ರೇಸ್ ಮುಗಿಯೋ ತನಕ ಅವಳಿಗೆ ಒಂದೊಂದು ರೊಟ್ಟಿ ಕಮ್ಮಿ ಹಾಕು. ಎರಡು ಕಿಲೋ ಇಳಿಸಬಹುದು."

"ಏನ್ರೀ ಅಂದ್ರಿ?" ಅಳತೆಯಮ್ಮ ಲಟ್ಟಣಿಗೆ ಹಿಡಿದೇ ತಿರುಗಿದಳು. "ಈ ಮನೇಲಿ ಸೊಸೆಗೆ ಹೊಟ್ಟೆಗೆ ಹಾಕಲ್ಲ ಅಂತ ಊರು ಆಡ್ಕೊಳ್ಳಬೇಕಾ? ಬೇಕಾದ್ರೆ ನಿಮ್ಮ ತಕ್ಕಡಿ ತೂಕ ಇಳಿಸ್ಕೊಳ್ಳಿ."

ಆವತ್ತು ರಾತ್ರಿ ಸೊಸೆಯ ತಟ್ಟೆಗೆ ಒಂದು ರೊಟ್ಟಿ ಹೆಚ್ಚೇ ಬಿತ್ತು. ಆದರೆ ಬಡಿಸಿದ ಕೈ ಬಾಯಿಯ ಜೊತೆ ಮಾತಾಡಿಕೊಂಡಿರಲಿಲ್ಲ. ಬಾಯಿ ಗೊಣಗುತ್ತಲೇ ಇತ್ತು. ನಿಜ ಹೇಳಬೇಕೆಂದರೆ ಅಳತೆಯಮ್ಮನಿಗೆ ಹೆದರಿಕೆ. ಈ ಮೂಳೆ ಚಕ್ಕಳದಂಥ ಕಾರಿನಲ್ಲಿ ಕೂತು ಬಾಣದ ಹಾಗೆ ಹೋದರೆ ಕೈಯೋ ಕಾಲೋ ಕುತ್ತಿಗೆಯೋ ಏನಾದರೊಂದು ಮುರಿಯದೇ ಇದ್ದೀತೇ? ಹೆದರಿಕೆ ಅನ್ನಲು ನಾಚಿಕೆಯಾಗಿ ಅದನ್ನು ಹಗ್ಗ, ಬಟ್ಟೆ, ಗ್ರೀಸ್ ಕಲೆ ಅನ್ನುತ್ತಿದ್ದಳು.

ಸೊಸೆಯೂ ಅದನ್ನು ಅರ್ಥ ಮಾಡಿಕೊಳ್ಳುವಷ್ಟು ಪುರುಸೊತ್ತಿನವಳಲ್ಲ. ಡಿಪೋದಿಂದ ಬಂದವಳು ಟೀ ಕುಡಿದು ನೇರ ಹಿತ್ತಲಿಗೆ ಹೋಗುತ್ತಿದ್ದಳು. ಡ್ರೈವರ್ ಸೀಟಿನ ಸುತ್ತ ಕಬ್ಬಿಣದ ಪೈಪುಗಳನ್ನು ಬಗ್ಗಿಸಿ, ಬೆಸೆದು, ಒಂದು ಪಂಜರ ಕಟ್ಟಿದಳು. ಸೀಟಿಗೆ ಹಳೆಯ ರೇಸ್ ಕಾರೊಂದರಿಂದ ಅಗ್ಗಕ್ಕೆ ಸಿಕ್ಕ ಬೆಲ್ಟುಗಳನ್ನು ಹಾಕಿದಳು: ಭುಜದ ಮೇಲಿಂದ ಎರಡು ಪಟ್ಟಿ, ಸೊಂಟಕ್ಕೆ ಎರಡು, ಎಲ್ಲ ಬಂದು ಹೊಟ್ಟೆಯ ಮೇಲೆ ಒಂದೇ ಕೊಂಡಿಗೆ ಸೇರುವಂಥವು. ರೇಸಿಗೆ ಎರಡು ವಾರ ಇರುವಾಗ, ರೇಸ್ ನಡೆಸುವವರ ಕಡೆಯ ತಪಾಸಣೆಯವನು ಮನೆಗೇ ಬಂದ. ಬಿಳಿ ಮೀಸೆಯ, ಸಿಡುಕು ಮುಖದ ಮನುಷ್ಯ. ಪಂಜರವನ್ನು ಬಡಿದು ನೋಡಿದ, ಬ್ರೇಕ್ ತುಳಿದು ನೋಡಿದ, ಬೆಲ್ಟುಗಳನ್ನು ಎಳೆದೆಳೆದು ನೋಡಿದ. ಕೊನೆಗೆ ಮುಂದಿನ ಗಾಜಿನ ಮೇಲೆ ಒಂದು ಹಸಿರು ಸ್ಟಿಕ್ಕರ್ ಅಂಟಿಸಿ ಹೋದ.

"ಇದಿದ್ರೆ ಆಯ್ತು ಮಾವ, ಅಲ್ಲಿ ಮತ್ತೆ ನೋಡಲ್ಲ. ನೇರ ಓಡಿಸೋದೇ," ಎಂದು ಸೊಸೆ ಕುಣಿದಾಡಿದಳು.

ಆ ಖುಷಿ ಸರಿಯಾಗಿ ಒಂದು ರಾತ್ರಿ ಉಳಿಯಿತು. ಬೆಳಗಾದರೆ ಆಸ್ಪತ್ರೆಯೊಂದಕ್ಕೆ ಅಂತ ಅಳತೆಯಮ್ಮ ಹೊಲಿದು ಇಸ್ತ್ರಿ ಮಾಡಿ ಪೇರಿಸಿದ್ದ ಹನ್ನೆರಡು ಬಿಳಿ ಕೋಟುಗಳ ಪೈಕಿ ಮೇಲಿನದರ ಮೇಲೆ ನಾಲ್ಕು ಕಪ್ಪು ಬೆರಳು.

"ಎಲ್ಲಿದಾಳೆ ಅವಳು!"

ಸೊಸೆ ಡಿಪೋದ ನೀಲಿ ಬಟ್ಟೆಯಲ್ಲಿ, ಬಾಯಲ್ಲಿ ಬ್ರೆಡ್ ಕಚ್ಚಿಕೊಂಡೇ ಬಂದಳು. "ಏನಾಯ್ತು ಅತ್ತೆ?"

"ಏನಾಯ್ತಾ? ಕಣ್ಣು ಕಾಣಲ್ವಾ? ಹಿತ್ತಲು ಕೊಟ್ಟಾಯ್ತು, ಹಗ್ಗ ಕೊಟ್ಟಾಯ್ತು, ಇನ್ನು ನನ್ನ ಅನ್ನಕ್ಕೂ ಗ್ರೀಸ್ ಹಚ್ತೀಯಾ?"

"ನಾನು ಈ ಕೋಣೆಗೇ ಬಂದಿಲ್ಲ ಅತ್ತೆ."

"ಹಂಗಾದ್ರೆ ಕೋಟೇ ಎದ್ದು ಕಾರಿನ ಹತ್ರ ಹೋಗಿತ್ತಾ?"

"ನಾನಲ್ಲ ಅಂದೆನಲ್ಲ. ಮಾಡಿದ್ರೆ ಮಾಡ್ದೆ ಅಂತೀನಿ. ತಪ್ಪಾಯ್ತು ಅನ್ನೋಕೆ ನನಗೇನು ನಾಲಿಗೆ ಸವೆಯಲ್ಲ." ಸೊಸೆ ಬ್ರೆಡ್ಡನ್ನು ಮೇಜಿನ ಮೇಲಿಟ್ಟಳು. "ಈ ಮನೇಲಿ ಆ ಮಾತು ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ ಬಿಡಿ."

ಅಂದವಳೇ ಚೀಲ ಹೆಗಲಿಗೇರಿಸಿ ಹೊರಟುಹೋದಳು. ಅವತ್ತಿನಿಂದ ಮೌನ. ಅಳತೆಯಮ್ಮ ಸೊಸೆಯ ಜೊತೆ ಮಗನ ಮೂಲಕ ಮಾತಾಡತೊಡಗಿದಳು. "ನಿನ್ನ ಹೆಂಡ್ತಿಗೆ ಕೇಳು, ಇನ್ನೊಂದು ರೊಟ್ಟಿ ಬೇಕಾ ಅಂತ." ಸೊಸೆ ಒಂದು ಮೊಳ ದೂರದಲ್ಲಿ ಕೂತು, "ನಿಮ್ಮಮ್ಮಂಗೆ ಹೇಳಿ, ಸಾಕು ಅಂತ" ಅನ್ನುತ್ತಿದ್ದಳು. ಮಧ್ಯೆ ಮಗನ ರೊಟ್ಟಿ ಆರಿಹೋಗುತ್ತಿತ್ತು.

ಮೂರನೇ ದಿನ ಅಳತೆಯಮ್ಮ ಆ ಕೋಟನ್ನು ಸೀಮೆಎಣ್ಣೆ ಹಾಕಿ ಉಜ್ಜಲು ಕೂತಳು. ಕಲೆಯ ಮೇಲೆ ಕೈಯಿಟ್ಟವಳಿಗೆ ಏನೋ ಸರಿಬರಲಿಲ್ಲ. ಕೊರಳ ಪಟ್ಟಿ ತೆಗೆದು ಅಳೆದಳು. ನಾಲ್ಕು ಬೆರಳಿನ ಅಗಲ ಮೂರೂಮುಕ್ಕಾಲು ಇಂಚು. ಸೊಸೆಯ ಕೈ ಅಷ್ಟಿಲ್ಲ; ಅವಳ ಚಳಿಗಾಲದ ಕೈಗವಸು ಹೊಲಿದವಳು ತಾನೇ, ಮೂರು ಇಂಚಿಗೂ ಒಂದು ನೂಲು ಕಮ್ಮಿ. ಮೂರೂಮುಕ್ಕಾಲಿನ ಕೈ ಆ ಮನೆಯಲ್ಲಿ ಒಂದೇ ಒಂದಿತ್ತು. ಅದು ಆಗ ವೆರಾಂಡದಲ್ಲಿ ಪೇಪರು ಹಿಡಿದು ಕೂತಿತ್ತು.

"ರೀ, ಕೋಟಿನ ಹತ್ರ ಬಂದಿದ್ರಾ?"

"ಯಾವ ಕೋಟು? ಸೀಮೆಸುಣ್ಣ ತಗೊಳ್ಳೋಕೆ ಬಂದಿದ್ದೆ. ಕಾಲು ಜಾರಿ ಎಲ್ಲೋ ಕೈಯೂರಿದ ನೆನಪು." ಪೇಪರಿನ ಹಿಂದಿನಿಂದ ತಲೆ ಹೊರಬಂತು. "ಯಾಕೆ?"

"ಏನಿಲ್ಲ. ಓದಿ."

ಅಳತೆಯಮ್ಮ ಒಳಗೆ ಬಂದು ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸೊಸೆಯ ಅವತ್ತಿನ ಮಾತು ಮುಳ್ಳಿನ ಹಾಗೆ ಚುಚ್ಚಿತು. ಹೇಳಬೇಕಾದ್ದು ಒಂದೇ ಶಬ್ದ. ಆದರೆ ಅವಳಿಗೆ ಅವಳ ಅತ್ತೆ ಆ ಶಬ್ದ ಹೇಳಿರಲಿಲ್ಲ, ಆ ಅತ್ತೆಗೆ ಅವಳ ಅತ್ತೆಯೂ ಹೇಳಿರಲಾರಳು. ಇಲ್ಲದ ಪದ್ಧತಿಯನ್ನು ತಾನೊಬ್ಬಳೇ ಎಲ್ಲಿಂದ ಶುರುಮಾಡುವುದು? ಬಾಯಿಂದ ಆಗದ್ದನ್ನು ಕೈಯಿಂದ ಮಾಡೋಣ ಅಂದುಕೊಂಡಳು. ಎಲ್ಲ ಎಡವಟ್ಟೂ ಅಲ್ಲೇ ಆದದ್ದು.

ಅದೇ ವಾರ ಸೊಸೆ ಕಾರಿನ ನೆಲಕ್ಕೆ ಬಣ್ಣ ಹೊಡೆಯಲು ಸೀಟು, ಬೆಲ್ಟು ಎಲ್ಲ ಬಿಚ್ಚಿ ಹಿತ್ತಲ ಕಟ್ಟೆಯ ಮೇಲಿಟ್ಟು ಡಿಪೋಗೆ ಹೋಗಿದ್ದಳು. ಅಳತೆಯಮ್ಮನ ಕಣ್ಣು ಬೆಲ್ಟುಗಳ ಮೇಲೆ ಬಿತ್ತು. ಯಾರಯಾರದೋ ಬೆವರು ಕುಡಿದು ಕಮಟು ವಾಸನೆ. ಮೊದಲು ಸೋಪಿನ ನೀರಲ್ಲಿ ನೆನೆಹಾಕಿ ಒಗೆದಳು. ಒಣಗಿದ ಮೇಲೆ ನೋಡಿದರೆ, ಭುಜದ ಪಟ್ಟಿಗಳು ಹಿಂದೆ ಕಬ್ಬಿಣದ ಬಳೆಗೆ ಸುತ್ತಿ ತಿರುಗುವ ಜಾಗದಲ್ಲಿ ಹೊಲಿಗೆ ಮಹಾ ಅಸಹ್ಯವಾಗಿತ್ತು. ಅಂಕುಡೊಂಕು, ಹಿಂದೆ ಮುಂದೆ, ಒಂದರ ಮೇಲೊಂದು, ಕೋಳಿ ಕೆದರಿದ ಹಾಗೆ. ಅಲ್ಲಲ್ಲಿ ದಾರ ನವಿರೆದ್ದಿತ್ತು. ಯಾರೋ ಕೆಲಸ ಬಾರದವನು ಹೊಲಿದಿದ್ದಾನೆ ಅಂದುಕೊಂಡಳು. ಬೇರೆಯವರ ಕೆಟ್ಟ ಹೊಲಿಗೆ ತನ್ನ ಮನೆಯ ಬಾಗಿಲು ದಾಟಿ ಹೋಗಬಾರದು ಎನ್ನುವುದು ಅವಳ ವೃತ್ತಿಯ ಹಟ.

ಇಡೀ ಮಧ್ಯಾಹ್ನ ಕೂತು ಆ ಹೊಲಿಗೆಯನ್ನು ಒಂದೊಂದೇ ಎಳೆ ಬಿಚ್ಚಿದಳು. ಕೋಟು ಹೊಲಿಯುವ ದಪ್ಪ ಸೂಜಿ ಹಾಕಿ, ಎರಡು ಸೂಜಿ ಮುರಿದು, ಪಟ್ಟಿಯ ನೀಲಿಗೆ ಒಪ್ಪುವ ನೀಲಿ ನೂಲಿನಲ್ಲಿ ನೆಟ್ಟಗೆ ಎರಡು ಸಾಲು ಹೊಡೆದಳು. ಗೆರೆ ಎಳೆದ ಹಾಗೆ ಬಂತು. ಕಬ್ಬಿಣದ ಬಳೆ ಬೆನ್ನಿಗೆ ಒತ್ತೀತು ಅಂತ ಆ ಜಾಗಕ್ಕೆ ಹತ್ತಿ ತುಂಬಿದ ಮಕಮಲ್ಲಿನ ಗವಸು ಬೇರೆ ಹೊಲಿದು ಮುಚ್ಚಿದಳು.

ಸಂಜೆ ಸೊಸೆ ಬಂದು ಕಟ್ಟೆಯ ಮುಂದೆ ನಿಂತುಬಿಟ್ಟಳು. ಬೆಲ್ಟುಗಳನ್ನು ಎತ್ತಿ ಮೂಸಿದಳು. ಗವಸಿನ ಮೇಲೆ ಕೈಯಾಡಿಸಿದಳು.

"ಅತ್ತೆ, ನೀವು ತೊಳೆದ್ರಾ? ಈ ಮೆತ್ತೆನೂ ನೀವೇನಾ?"

"ಮನೇಲಿ ಮತ್ತೆ ಯಾರಿಗೆ ಬರುತ್ತೆ ಹೊಲಿಯೋಕೆ," ಅಂದಳು ಅಳತೆಯಮ್ಮ, ಮಗನ ಮೂಲಕವಲ್ಲದೆ. ಅಷ್ಟರ ಮಟ್ಟಿಗೆ ಮೌನ ಮುರಿಯಿತು. ಸೊಸೆಯ ಕಣ್ಣಲ್ಲಿ ನೀರಾಡಿತು. ಆವತ್ತಿನ ಊಟಕ್ಕೆ ಮಗನ ರೊಟ್ಟಿ ಬಿಸಿಯಾಗಿಯೇ ಇತ್ತು. ಹೊಲಿಗೆ ಬಿಚ್ಚಿ ಹಾಕಿದ ವಿಷಯ ಯಾಕೆ ಹೇಳಬೇಕು, ಮಾಡಿದ್ದನ್ನು ಆಡಿಕೊಳ್ಳಬಾರದು ಅಂತ ಅಳತೆಯಮ್ಮ ಸುಮ್ಮನಿದ್ದಳು.

ರೇಸಿನ ದಿನ ನಾಲ್ವರೂ ಹೊರಟರು. ಕಾರಿನ ಹತ್ತಿರ ಸುಳಿಯುವುದೂ ಇಲ್ಲ ಅಂದಿದ್ದವಳು ಊಟದ ಡಬ್ಬಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಲಾರಿಯ ಮುಂದಿನ ಸೀಟು ಹಿಡಿದಿದ್ದಳು. ರನ್‌ವೇ ಪಕ್ಕದಲ್ಲಿ ಜನ, ಹೊಗೆ, ಕಿವಿ ಹರಿಯುವ ಸದ್ದು. ತಪಾಸಣೆಯ ಬಿಳಿ ಮೀಸೆಯವನ ಶಾಮಿಯಾನದ ನೆರಳು ಕಂಡು ಅಳತೆಯಮ್ಮ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತಳು. ಅಪ್ಪ ಮಗ ಬೇಲಿಯ ಹತ್ತಿರ ಹೋದರು. ಸೊಸೆ ಹೆಲ್ಮೆಟ್ ಹಾಕಿಕೊಂಡು ಸಾಲಿನಲ್ಲಿ ನಿಂತಳು. ಅವಳ ಮುಂದೆ ಮೂರು ಜೊತೆ ಕಾರು.

ಶಾಮಿಯಾನದಲ್ಲಿ ಬಿಳಿ ಮೀಸೆಯವನು ಹೊಸಬನೊಬ್ಬನಿಗೆ ಬೈಯುತ್ತಿದ್ದ. ಬೈಯುತ್ತಲೇ ಚೀಲದಿಂದ ಹರಿದ ಬೆಲ್ಟೊಂದನ್ನು ಹೊರತೆಗೆದ.

"ಇದನ್ನ ನೋಡು. ಪಟ್ಟಿ ಗಟ್ಟಿಯಾಗೇ ಇದೆ, ಅಲ್ವಾ? ಬಿಟ್ಟಿದ್ದು ಹೊಲಿಗೆ. ಪುಣ್ಯಾತ್ಮ ಮನೇಲೇ ಹೊಲಿಸಿದ್ದ."

"ಹೊಲಿಗೆ ಹೊಲಿಗೆನೇ ಅಲ್ವಾ ಸಾರ್?"

"ಅಂಗಿ ಹೊಲಿಗೇನೂ ಇದೂ ಒಂದೇನಾ? ಈ ಅಂಕುಡೊಂಕು ಇದೆಯಲ್ಲ, ಇದು ಚಂದಕ್ಕಲ್ಲ ಕಣಯ್ಯ. ಕಾರು ಗೋಡೆಗೆ ಗುದ್ದಿದಾಗ ಒಳಗಿನ ಮನುಷ್ಯನ ಅಷ್ಟೂ ಭಾರ ಈ ಹೊಲಿಗೆ ಮೇಲೆ ಬೀಳುತ್ತೆ. ನೂಲೇ ಬೇರೆ, ಮಿಶನ್ನೇ ಬೇರೆ. ನೆಟ್ಟಗೆ ಎರಡು ಸಾಲು ಹೊಡೆದ್ರೆ ಕಾಗದ ಹರಿದ ಹಾಗೆ ಹರಿಯುತ್ತೆ. ಆ ಮನುಷ್ಯ ಆರು ತಿಂಗಳು ಮಲಗಿದ್ದ."

ಅಳತೆಯಮ್ಮನ ಮಡಿಲಿನಿಂದ ಊಟದ ಡಬ್ಬಿ ಜಾರಿ ಬಿತ್ತು. ಅವಳಿಗೆ ಅದು ಕೇಳಿಸಲೇ ಇಲ್ಲ. ಸಾಲಿನ ಕಡೆ ನೋಡಿದಳು. ಸೊಸೆಯ ಮುಂದೆ ಈಗ ಒಂದೇ ಜೊತೆ ಕಾರು. ಆ ಗಾಜಿನ ಮೇಲೆ ಹಸಿರು ಸ್ಟಿಕ್ಕರ್. ಇನ್ನು ಯಾರೂ ನೋಡುವುದಿಲ್ಲ. ಗವಸಿನ ಒಳಗೆ ಏನಿದೆ ಎಂದು ಇಡೀ ಪ್ರಪಂಚದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಅರವತ್ತೆರಡು ವರ್ಷದ ಹೆಂಗಸು, ಮಂಡಿ ನೋವಿಗೆ ದಿನವೂ ಎಣ್ಣೆ ಹಚ್ಚುವವಳು, ಓಡಿದಳು. ಕಟ್ಟಿದ್ದ ಹಳದಿ ಪಟ್ಟಿಯ ಕೆಳಗೆ ತೂರಿದಳು. "ಏಯ್ ಅಮ್ಮ! ಯಾರದು? ಹಿಡೀರ್ರೀ!" ಎಂದು ಯಾರೋ ಕೂಗಿದರು. ಬಾವುಟ ಹಿಡಿದವನೊಬ್ಬ ಅಡ್ಡ ಬಂದ. ಅವನನ್ನು ಮೊಣಕೈಯಿಂದ ಸರಿಸಿದಳು. ಮುಂದಿನ ಜೊತೆ ಹೊರಟುಹೋಗಿ, ಸೊಸೆಯ ಕಾರು ಗೆರೆಯ ಕಡೆ ಉರುಳುವುದಕ್ಕೂ ಅಳತೆಯಮ್ಮ ಎರಡೂ ಕೈ ಅಗಲಿಸಿ ಅದರ ಮೂತಿಯ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು.

ಕಾರು ಗಕ್ಕನೆ ನಿಂತಿತು. ಸೊಸೆ ಹೆಲ್ಮೆಟ್ಟಿನ ಗಾಜು ಎತ್ತಿದಳು. "ಅತ್ತೆ! ಏನಿದು? ಸರೀರಿ ಅತ್ತೆ!"

"ಇಳಿ! ಇಳಿಯೇ ಕೆಳಗೆ!"

"ಈಗ ಬೇಡ ಅತ್ತೆ! ಮನೇಲಿ ಜಗಳ ಆಡೋಣ!"

"ಬೆಲ್ಟು! ಬೆಲ್ಟಿನ ಹೊಲಿಗೆ ಬಿಚ್ಚಿದೀನಿ ಕಣೇ!"

ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಸೊಸೆ ಕಿವಿಯ ಹತ್ತಿರ ಕೈ ತಂದು ತಲೆಯಾಡಿಸಿದಳು. ಅಳತೆಯಮ್ಮ ಬಾಗಿಲ ಹತ್ತಿರ ಹೋಗಿ, ಪ್ಲಾಸ್ಟಿಕ್ ಹಾಳೆಯನ್ನು ಅಂಗೈಯಿಂದ ಬಡಿಯುತ್ತಾ, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕಿರುಚಿದಳು. ಸೊಸೆಯೂ ಅದೇ ಹೊತ್ತಿಗೆ ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಹಾಗಾಗಿ ಆ ಮಾತು ಇಡೀ ರನ್‌ವೇಗೆ ಕೇಳಿಸಿತು.

"ತಪ್ಪಾಯ್ತು ಕಣೇ! ನಂದೇ ತಪ್ಪು! ನಾನೇ ಬಿಚ್ಚಿ ಹೊಲಿದಿದ್ದು!"

ಇನ್ನೂರು ಜನ ತಿರುಗಿ ನೋಡಿದರು. ಬೇಲಿಯ ಹತ್ತಿರ ಯಜಮಾನರು ಬಾಯಿ ತೆರೆದು ನಿಂತಿದ್ದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಶಬ್ದ ಅವರಿಗೂ ಹೊಸದು.

ಬಿಳಿ ಮೀಸೆಯವನು ಓಡಿಬಂದ. ಕಾರನ್ನು ಪಕ್ಕಕ್ಕೆ ತಳ್ಳಿದರು. ಗವಸು ಬಿಚ್ಚಿ ಹೊಲಿಗೆ ನೋಡಿದವನ ಮುಖ ಸುಣ್ಣವಾಯಿತು.

"ನಾನು ಸ್ಟಿಕ್ಕರ್ ಹಚ್ಚಿದ ಮೇಲೆ ಇದಕ್ಕೆ ಕೈ ಹಾಕೋಕೆ ಯಾರಮ್ಮ ಹೇಳಿದ್ದು ನಿಮಗೆ?"

"ಯಾರೂ ಹೇಳ್ಲಿಲ್ಲ ಸ್ವಾಮಿ. ಚೆನ್ನಾಗಿ ಕಾಣ್ಲಿ ಅಂತ..."

"ಚೆನ್ನಾಗೇನೋ ಇದೆ," ಅಂದ ಅವನು. ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಕಿತ್ತ. "ಈ ಕಾರು ಓಡಲ್ಲ."

ಸೊಸೆ ಟಯರಿಗೆ ಒರಗಿ ನೆಲದ ಮೇಲೆ ಕೂತಳು. ಅತ್ತೆ ಎದುರಿಗೆ ನಿಂತಳು. ಬೈಯಲಿ, ಕೂಗಾಡಲಿ, ಬೇಕಾದ್ದು ಅನ್ನಲಿ ಎಂದು ಕಾದಳು. ಸೊಸೆ ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಕೈ ನೀಡಿ ಅತ್ತೆಯ ಸೆರಗು ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ಮಂಡಿ ನೋವಲ್ಲಿ ಓಡಿ ಬಂದಿದೀರಲ್ಲ ಅತ್ತೆ. ಉಸಿರು ತಗೊಳ್ಳಿ."

"ಹನ್ನೊಂದು ವಾರ ಹಾಳು ಮಾಡ್ದೆ ನಾನು."

"ಹೇಳ್ದೆ ಇದ್ದಿದ್ರೆ ಹಾಳಾಗ್ತಿತ್ತು."

"ಕೋಟಿನ ಕಲೆನೂ ನಿಂದಲ್ಲ. ನಿಮ್ಮ ಮಾವನದು. ಅವತ್ತೇ ಗೊತ್ತಾಯ್ತು ನನಗೆ." ಒಂದು ಬಂದ ಮೇಲೆ ಎರಡನೆಯದಕ್ಕೆ ಕಷ್ಟವಾಗಲಿಲ್ಲ. "ಅದಕ್ಕೂ ತಪ್ಪಾಯ್ತು."

"ಗೊತ್ತು ಅತ್ತೆ. ಮಾವನ ಕೈ ನೋಡಿದ್ದೆ. ನಿಮ್ಮ ಬಾಯಿಂದ ಬರ್ಲಿ ಅಂತ ಸುಮ್ಮನಿದ್ದೆ."

ಅಷ್ಟರಲ್ಲಿ ಯಜಮಾನರು ಮಗನನ್ನು ಹಿಂದಿಟ್ಟುಕೊಂಡು ಒಬ್ಬೊಬ್ಬ ಸ್ಪರ್ಧಿಯ ಹತ್ತಿರವೂ ಹೋಗಿ ಬೆಲ್ಟು ಕೇಳುತ್ತಿದ್ದರು. ಬೆಳಿಗ್ಗೆಯೇ ಎಂಜಿನ್ ಸುಟ್ಟುಕೊಂಡು ಮೂಲೆಯಲ್ಲಿ ಮುಖ ಊದಿಸಿ ಕೂತಿದ್ದ ಬೇಕರಿಯವನೊಬ್ಬ ಎದ್ದ. "ನನ್ನ ಕಾರಂತೂ ಇವತ್ತು ಓಡಲ್ಲ. ಬೆಲ್ಟಾದ್ರೂ ಓಡ್ಲಿ ತಗೊಳ್ಳಿ ಅಜ್ಜ," ಅಂದ. ಸೊಸೆ, ಮಗ ಸೇರಿ ಮುಕ್ಕಾಲು ಗಂಟೆಯಲ್ಲಿ ಅದನ್ನು ಕೂರಿಸಿದರು. ಬಿಳಿ ಮೀಸೆಯವನು ಮೂರು ಸಲ ಎಳೆದು ನೋಡಿ, ಇನ್ನೊಂದು ಸ್ಟಿಕ್ಕರ್ ಹಚ್ಚಿದ. "ಪಂದ್ಯಕ್ಕೆ ಹೊತ್ತು ಮೀರಿತು. ಮಧ್ಯಾಹ್ನದ ಮೇಲೆ ಸುಮ್ಮನೆ ಸಮಯ ನೋಡ್ಕೊಳ್ಳೋ ಓಟ ಇದೆ. ಅದರಲ್ಲಿ ಒಂದ್ಸಲ ಹೋಗಮ್ಮ," ಅಂದ. ಆಮೇಲೆ ಅಳತೆಯಮ್ಮನ ಕಡೆ ತಿರುಗಿ, "ಈ ತಾಯಿ ಇಲ್ಲೇ ನನ್ನ ಪಕ್ಕ ಕೂತಿರ್ಲಿ," ಎಂದ.

ಹಳದಿ ದೀಪ, ಹಳದಿ ದೀಪ, ಹಸಿರು. ಅಳತೆಯಮ್ಮ ಕಣ್ಣು ಮುಚ್ಚಿದಳು. ಸದ್ದು ಹೋಯಿತು, ದೂರವಾಯಿತು, ಸಣ್ಣದಾಯಿತು. ಕಣ್ಣು ಬಿಟ್ಟಾಗ ರನ್‌ವೇಯ ಆ ತುದಿಯಲ್ಲಿ ಕಾರು ನೆಟ್ಟಗೆ ನಿಂತಿತ್ತು, ಅದರಿಂದ ಒಂದು ನೀಲಿ ಬಟ್ಟೆ ಇಳಿದು ಎರಡೂ ಕೈ ಎತ್ತಿ ಬೀಸುತ್ತಿತ್ತು. ಹದಿನೈದು ಸೆಕೆಂಡು ಎಂಬತ್ತೆರಡು. ಬಹುಮಾನವಿಲ್ಲ, ಕಪ್ಪಿಲ್ಲ. ಬೇಲಿಯಾಚೆ ಡಿಪೋದ ಗಂಡಸರು ಮಾತ್ರ ಟೋಪಿ ತೆಗೆದು ತಲೆ ಕೆರೆದುಕೊಂಡರು. ಅಳತೆಯಮ್ಮ ಆ ಹದಿನಾರು ಸೆಕೆಂಡು ಬಿಗಿಹಿಡಿದಿದ್ದು ಬಿಳಿ ಮೀಸೆಯವನ ಕೈಯನ್ನು ಅಂತ ಆಗ ಗೊತ್ತಾಗಿ, ಸರಕ್ಕನೆ ಬಿಟ್ಟಳು.

ಅವಳು ಹೊಲಿದ ಬೆಲ್ಟು ಮನೆಗೆ ವಾಪಸ್ ಬಂತು. ಮರುದಿನ ಸೊಸೆ ಕಾರನ್ನು ಹಿತ್ತಲ ಒಂದು ಮಗ್ಗುಲಿಗೆ ತಳ್ಳಿ ಜಾಗ ಮಾಡಿದಳು. ಮೊಳೆಯ ಮೇಲಿದ್ದ ಹಳೆ ಹಗ್ಗ ಹನ್ನೊಂದು ವಾರದಲ್ಲಿ ಇಲಿ ಕಡಿದು ಹಾಳಾಗಿತ್ತು. ಅವಳು ಭುಜದ ಎರಡು ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ, ಒಂದು ತುದಿಯ ಬಳೆಯನ್ನು ಗೋಡೆಯ ಕೊಕ್ಕೆಗೂ ಇನ್ನೊಂದನ್ನು ಕಾರಿನ ಪಂಜರಕ್ಕೂ ಸಿಕ್ಕಿಸಿ, ವೀಣೆಯ ತಂತಿಯ ಹಾಗೆ ಬಿಗಿದಳು.

"ಕಾರಿಗೆ ಆಗಲ್ಲ. ಬಟ್ಟೆಗೆ ನಿಮ್ಮ ಹೊಲಿಗೆ ಧಾರಾಳ ಸಾಕು ಅತ್ತೆ."

"ಸಾಕಾಗ್ದೆ ಏನು? ಕೋಟಿನ ಸೂಜೀಲಿ ಹೊಡೆದಿದ್ದು," ಅಂದಳು ಅಳತೆಯಮ್ಮ. ಎಷ್ಟಾದರೂ ತನ್ನ ಕೆಲಸ. ಸ್ವಲ್ಪ ಅಭಿಮಾನ ಉಳಿದೇ ಇತ್ತು.

ಭಾನುವಾರ ಅತ್ತೆ ಸೊಸೆ ಇಬ್ಬರೂ ಕೂತು ಮನೆಯ ನಾಲ್ಕು ಕಂಬಳಿ ಒಗೆದರು. ಒಂದೊಂದನ್ನೇ ಇಬ್ಬರೂ ತುದಿ ಹಿಡಿದು ಹಿಂಡಿ ಪಟ್ಟಿಯ ಮೇಲೆ ಹರವಿದರು. ನಾಲ್ಕನೆಯದನ್ನು ಹಾಕಿ ಅಳತೆಯಮ್ಮ ಎರಡು ಹೆಜ್ಜೆ ಹಿಂದೆ ಬಂದಿರಬೇಕು, ಪರ್ರ್ ಎಂದು ಸದ್ದಾಯಿತು. ನೀಲಿ ನೂಲಿನ ಎರಡು ನೆಟ್ಟಗಿನ ಸಾಲು ಈ ತುದಿಯಿಂದ ಆ ತುದಿಗೆ ಬಿಚ್ಚಿಕೊಂಡವು. ಪಟ್ಟಿ ಹಾವಿನ ಹಾಗೆ ಹಾರಿ ಕಾರಿನ ತಗಡಿಗೆ ಬಡಿಯಿತು. ನಾಲ್ಕು ಕಂಬಳಿಯೂ ಕೆಸರಿನಲ್ಲಿ ಮಲಗಿದವು.

ವೆರಾಂಡದಿಂದ ಓಡಿಬಂದ ಯಜಮಾನರು ಅಭ್ಯಾಸಬಲದಿಂದ ಕೊಕ್ಕೆ ತಕ್ಕಡಿ ತಂದರು. ಕೆಸರಾದ ಕಂಬಳಿಗಳನ್ನು ಒಂದೊಂದಾಗಿ ನೇತುಹಾಕಿ ಕೂಡಿಸಿದರು.

"ಇಪ್ಪತ್ತಾರು ಕಿಲೋ," ಅಂದರು. ಆಮೇಲೆ ಅವರ ಕಣ್ಣು ಗೋಡೆಯ ಮೇಲೆ ತಾವೇ ಸೀಮೆಸುಣ್ಣದಲ್ಲಿ ಬರೆದಿದ್ದ ಕೊನೆಯ ಸಾಲಿಗೆ ಹೋಯಿತು: ಡ್ರೈವರ್, ಐವತ್ತೆಂಟು. ತಕ್ಕಡಿಯನ್ನು ಮೆಲ್ಲಗೆ ಕೆಳಗಿಟ್ಟರು.

ಅಳತೆಯಮ್ಮ ಗೋಡೆ ನೋಡಿದಳು, ಕೆಸರು ನೋಡಿದಳು, ಪಕ್ಕದಲ್ಲಿ ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡು ನಿಂತಿದ್ದ ಸೊಸೆಯನ್ನು ಅಂಗುಷ್ಠದಿಂದ ನೆತ್ತಿಯವರೆಗೆ ನೋಡಿದಳು. ಮೂವತ್ತೊಂದು ವರ್ಷ ಒಂದು ಕರವಸ್ತ್ರ ನೆಲಕ್ಕೆ ಬಿದ್ದರೂ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ ಹೆಂಗಸು ಒದ್ದೆ ಕಟ್ಟೆಯ ಮೇಲೆ ದೊಪ್ಪನೆ ಕೂತು ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಸುರಿಯಿತು.

"ಅಯ್ಯೋ ಅತ್ತೆ, ಕಂಬಳಿ ಎಲ್ಲ ಮತ್ತೆ ಒಗೀಬೇಕಲ್ಲ," ಅಂದಳು ಸೊಸೆ.

"ಒಗೆಯೋಣ ಬಾರೇ," ಅಂದಳು ಅಳತೆಯಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಬಿದ್ದಿದ್ದು ಕಂಬಳಿ ತಾನೇ."